ಎರಡು ಹಸಿರು ಬಾಟಲಿ

ಮಕ್ಕಳ ಬ್ಯಾಗಿನ ತಳದಲ್ಲಿ ಏನೇನು ಇರುತ್ತದೆ ಅಂತ ನನ್ನನ್ನು ಕೇಳಿ. ಅರ್ಧ ಕಚ್ಚಿದ ಬಿಸ್ಕೆಟ್ಟು, ಒಂಟಿ ಕಾಲುಚೀಲ, ಮೂತಿ ಮುರಿದ ಬಣ್ಣದ ಕಡ್ಡಿ. ಅವೆಲ್ಲದರ ಕೆಳಗೆ, ಮಡಿಕೆ ಕೂಡ ಬಿಚ್ಚದ ಹಾಗೆ, ನಾನು ಕಳಿಸಿದ ಸೂಚನೆಯ ಕಾಗದ. ಹೋದ ವಾರ ಹೋದದ್ದು ಈ ವಾರ ಹಾಗೇ ವಾಪಸ್ ಬಂದಿರುತ್ತದೆ. ಒಂದರ ಬೆನ್ನ ಮೇಲೆ ಯಾರೋ ಸಾಮಾನಿನ ಪಟ್ಟಿ ಬರೆದಿದ್ದರು. ಇನ್ನೊಂದು ದೋಣಿಯಾಗಿ ಬಂದಿತ್ತು.

ನಾನು ಈ ನರ್ಸರಿಯ ಟೀಚರು. ಮಕ್ಕಳ ಬಾಯಲ್ಲಿ ದೊಡ್ಡ ಮಿಸ್. ಹದಿನೆಂಟು ವರ್ಷದಿಂದ ಮೂಗು ಒರೆಸಿದ್ದೇನೆ, ಗುಂಡಿ ಹಾಕಿದ್ದೇನೆ, ಸೂಚನೆ ಬರೆದಿದ್ದೇನೆ. ಓದದೆ ಬಿಟ್ಟವರ ಮೇಲೆ ನನಗೆ ಸಿಟ್ಟು ಬರುತ್ತದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಇವತ್ತು ಹೇಳುವ ಕಥೆಯಲ್ಲಿ ನಿಮ್ಮನ್ನು ಬೈಯುವ ಮೊದಲು ನನ್ನನ್ನೇ ನಾನು ಬೈದುಕೊಳ್ಳಬೇಕು. ಪೂರ್ತಿ ಕೇಳಿ, ಆಮೇಲೆ ನೀವೂ ಬೈಯಿರಿ.

ನರ್ಸರಿಯಿಂದ ಎರಡು ಬೀದಿ ಆಚೆ ಒಂದು ದೊಡ್ಡ ಲಾಂಡ್ರಿ ಇದೆ. ಹೋಟೆಲುಗಳ ಹೊದಿಕೆ, ದಿಂಬಿನ ಚೀಲ, ಟವೆಲ್ಲು ಎಲ್ಲ ಅಲ್ಲಿಗೇ ಬರುತ್ತವೆ. ಅಲ್ಲಿ ಕೆಲಸ ಮಾಡುವ ಇಬ್ಬರು ತಾಯಂದಿರ ಮಕ್ಕಳು ನಮ್ಮಲ್ಲಿದ್ದಾರೆ. ಒಬ್ಬಳು ಇಸ್ತ್ರಿ ಮೇಜಿನವಳು, ಎಲ್ಲರಿಗೂ ಇಸ್ತ್ರಿ ಅಕ್ಕ. ಇನ್ನೊಬ್ಬಳು ಬಂದ ಬಟ್ಟೆಗೆಲ್ಲ ಗುರುತು ಹಾಕುವವಳು, ಮಾರ್ಕಿಂಗ್ ಅಕ್ಕ. ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿಯಲ್ಲಿ ಪ್ರತಿ ಬಟ್ಟೆಯ ಮೂಲೆಗೂ ಪುಟ್ಟದಾಗಿ ನಂಬರ್ ಬರೆಯುವುದು ಅವಳ ಕೆಲಸ. ಆರು ವರ್ಷದಲ್ಲಿ ಒಂದು ಹೋಟೆಲಿನ ಟವೆಲ್ಲು ಇನ್ನೊಂದು ಹೋಟೆಲಿಗೆ ಹೋಗಿಲ್ಲ ಅಂತ ಅವಳಿಗೆ ಹೆಮ್ಮೆ. ಆ ಹೆಮ್ಮೆ ಸುಳ್ಳೂ ಅಲ್ಲ.

ಮಾರ್ಕಿಂಗ್ ಅಕ್ಕನ ಮಗ ಗುಬ್ಬಿ, ನಾಲ್ಕು ವರ್ಷ. ನೀರು ಕುಡಿಯಪ್ಪ ಅಂದರೆ ತುಟಿ ಒದ್ದೆ ಮಾಡಿಕೊಂಡು ಬಾಟಲಿ ವಾಪಸ್ ಕೊಡುತ್ತಾನೆ, ಅದಕ್ಕೇ ಆ ಹೆಸರು. ಇಸ್ತ್ರಿ ಅಕ್ಕನ ಮಗಳು ಅವನಿಗಿಂತ ಒಂದು ವರ್ಷ ಚಿಕ್ಕವಳು, ಎತ್ತಿಕೊಂಡರೆ ಭಾರವೇ ಇಲ್ಲ. ಆದರೆ ಬಾಟಲಿ ಬಾಯಿಗಿಟ್ಟರೆ ತಳ ಕಾಣುವವರೆಗೂ ಇಳಿಸುವುದಿಲ್ಲ. ನಮ್ಮ ಆಯಾ ಅವಳಿಗೆ ಒಂಟೆಮರಿ ಅಂತ ಹೆಸರಿಟ್ಟಳು. ಕರೆದರೆ ಅವಳಿಗೂ ಖುಷಿ.

ಲಾಂಡ್ರಿಯವರು ಹಿಂದಿನ ವರ್ಷ ಎಲ್ಲ ಕೆಲಸಗಾರರಿಗೂ ಎರಡೆರಡು ಹಸಿರು ಬಾಟಲಿ ಉಡುಗೊರೆ ಕೊಟ್ಟಿದ್ದರು. ಇಬ್ಬರೂ ಅಮ್ಮಂದಿರು ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಮಕ್ಕಳಿಗೆ ಕೊಟ್ಟರು. ಹಾಗಾಗಿ ನಮ್ಮ ಬಾಟಲಿ ಕಟ್ಟೆಯ ಮೇಲೆ ಒಂದೇ ಬಣ್ಣದ, ಒಂದೇ ಅಳತೆಯ ಎರಡು ಬಾಟಲಿ ಪಕ್ಕಪಕ್ಕದಲ್ಲಿ ಇರುತ್ತಿದ್ದವು. ಒಂಟೆಮರಿಯ ಬಾಟಲಿಗೆ ಹೆಸರಿನ ಚೀಟಿ ಅಂಟಿಸಿತ್ತು. ಗುಬ್ಬಿಯದಕ್ಕೆ ಏನೂ ಇರಲಿಲ್ಲ. ಚೀಟಿ ಇದ್ದದ್ದು ಅವಳದು, ಇಲ್ಲದ್ದು ಅವನದು, ಹಾಗೆ ನಡೆಯುತ್ತಿತ್ತು.

ಆ ಶುಕ್ರವಾರ ನಾನು ಒಂದು ಕಾಗದ ಕಳಿಸಿದೆ. ಶನಿವಾರ ನಮಗೆ ರಜೆ, ಲಾಂಡ್ರಿಗೆ ಇಲ್ಲ. ಅವತ್ತು ಸಂಜೆ, ಪಾಳಿ ಮುಗಿಯುವ ಹೊತ್ತಿಗೆ ಇಸ್ತ್ರಿ ಅಕ್ಕ ಮಗಳ ಬಾಟಲಿ ಹಿಡಿದುಕೊಂಡು ಗೆಳತಿಯ ಮೇಜಿನ ಹತ್ತಿರ ಹೋದಳು.

“ಏ, ಆ ಕಾಗದ ಓದಿದ್ಯಾ?”

“ಯಾವ ಕಾಗದ?”

“ನರ್ಸರಿಯಿಂದ ಬಂದಿದ್ದು. ಬಾಟಲಿ ಮೇಲೆ ಅಳಿಸದ ಹಾಗೆ ಹೆಸರು ಬರೀಬೇಕಂತೆ. ಮಕ್ಕಳಿಗೆ ಔಷಧಿ ಇದ್ರೆ ಬ್ಯಾಗಲ್ಲಿ ಹಾಕ್ಬಾರ್ದಂತೆ, ಮಿಸ್ ಕೈಗೇ ಕೊಡ್ಬೇಕಂತೆ. ಫೋನ್ ನಂಬರ್ ಬದಲಾಗಿದ್ರೆ ತಿಳಿಸ್ಬೇಕಂತೆ. ನಿಂದು ಬದಲಾಗಿದ್ಯಲ್ಲ?”

“ಅಂತೆ, ಅಂತೆ, ಅಂತೆ. ಆ ಮಿಸ್‌ಗೆ ಬೇರೆ ಕೆಲಸ ಇಲ್ವಾ? ನನ್ನ ಮಗನ ಬಾಟಲಿ ನನ್ನ ಮಗನಿಗೆ ಗೊತ್ತಿಲ್ವಾ?”

“ನೀನು ಓದೋದೇ ಇಲ್ಲ.”

“ಓದ್ತೀನಿ ಮಾರಾಯ್ತಿ. ಜೋಪಾನವಾಗಿ ಇಟ್ಕೊಂಡಿದ್ದೀನಿ ನೋಡು.”

ಇಟ್ಟುಕೊಂಡದ್ದು ಎಲ್ಲಿ ಅಂದರೆ, ಮೇಜಿನ ಕಾಲಿನ ಕೆಳಗೆ. ಮಾರ್ಕಿಂಗ್ ಮೇಜಿನ ಒಂದು ಕಾಲು ಗಿಡ್ಡ. ಬರೆಯುವಾಗ ಅಲ್ಲಾಡುತ್ತದೆ ಅಂತ ನನ್ನ ಕಾಗದವನ್ನು ಎಂಟು ಮಡಿಕೆ ಮಾಡಿ ಅದರ ಕೆಳಗೆ ಸಿಕ್ಕಿಸಿದ್ದಳು. ಇಸ್ತ್ರಿ ಅಕ್ಕನಿಗೆ ನಗು ಬಂತು, ಕೋಪವೂ ಬಂತು.

“ಸರಿ, ಇದಕ್ಕೊಂದು ಹೆಸರು ಬರ್ದ್ಕೊಡು. ಅಂಟಿಸಿದ್ದ ಚೀಟಿ ತೊಳ್ದು ತೊಳ್ದು ಕಿತ್ತೇ ಹೋಗಿದೆ. ನಿನ್ನ ಪೆನ್ನಲ್ಲಿ ಬರೆದ್ರೆ ಜನ್ಮದಲ್ಲಿ ಹೋಗಲ್ಲ.”

“ಈಗ ತಾನೇ ಕೈ ತೊಳ್ಕೊಂಡೆ ಕಣೆ. ಮತ್ತೆ ಶಾಯಿ ಹತ್ತಿಸ್ಕೊಳ್ಲಾ? ಸೋಮವಾರ ಸಂಜೆ ತಗೊಂಡ್ಬಾ, ಗುಬ್ಬಿದೂ ನಿನ್ನ ಮಗಳದೂ ಒಟ್ಟಿಗೇ ಬರೀತೀನಿ.”

ದಿನವಿಡೀ ಹೋಟೆಲುಗಳ ದಿಂಬಿಗೆಲ್ಲ ಗುರುತು ಹಾಕಿದ ಕೈಗೆ ಎರಡು ಬಾಟಲಿ ಉಳಿದೇ ಹೋದವು.

ಭಾನುವಾರ ರಾತ್ರಿ ಗುಬ್ಬಿಗೆ ಕೆಮ್ಮು ಹತ್ತಿತು. ಬೆಳಿಗ್ಗೆ ಮೈ ಬೆಚ್ಚಗಿತ್ತು. ಮಾರ್ಕಿಂಗ್ ಅಕ್ಕ ಅತ್ತೆಯ ಮುಖ ನೋಡಿದಳು.

“ಅತ್ತೆ, ಇವತ್ತು ಇವನನ್ನ ನೀವು ನೋಡ್ಕೊಳ್ತೀರಾ?”

“ನನ್ನ ಮೊಣಕಾಲಲ್ಲಿ ಅವನ ಹಿಂದೆ ಓಡೋಕಾಗುತ್ತೇನೇ? ಕಳಿಸು, ಆಡ್ತಾ ಆಡ್ತಾ ಸರಿಹೋಗ್ತಾನೆ.”

“ಕೆಮ್ಮಿದ್ರೆ ಮಿಸ್ ವಾಪಸ್ ಕಳಿಸ್ತಾರೆ. ಇವತ್ತು ಎರಡು ಲಾರಿ ಬಟ್ಟೆ ಬರುತ್ತೆ, ರಜೆ ಕೇಳೋ ಹಾಗಿಲ್ಲ.”

“ಹಾಗಾದ್ರೆ ನನ್ನ ಕೆಮ್ಮಿನ ಔಷಧಿ ಇದ್ಯಲ್ಲ. ಕುಡಿದ್ರೆ ನಂಗೆ ಗಪ್ ಅಂತ ನಿಲ್ಲುತ್ತೆ.”

ಇಷ್ಟು ಹೇಳಿ ಅತ್ತೆ ಮುಖ ತೊಳೆಯಲು ಹೋದರು. ಎಷ್ಟು ಕುಡಿಯಬೇಕು, ಯಾರು ಕುಡಿಯಬೇಕು ಅನ್ನುವ ಮಾತು ಬರಲೇ ಇಲ್ಲ. ಗುಬ್ಬಿಯೋ ಚಮಚ ಕಂಡರೆ ಹಲ್ಲು ಕಚ್ಚುವವನು. ಮಾರ್ಕಿಂಗ್ ಅಕ್ಕ ಒಲೆಯ ಮುಂದೆ ನಿಂತು ಲೆಕ್ಕ ಹಾಕಿದಳು. ಇವನು ದಿನಕ್ಕೆ ಕುಡಿಯುವುದು ಕಾಲು ಬಾಟಲಿ ನೀರು. ಒಂದು ಮುಚ್ಚಳ ಔಷಧಿ ಹೊಟ್ಟೆಗೆ ಹೋಗಬೇಕಾದರೆ ನಾಲ್ಕು ಮುಚ್ಚಳ ಹಾಕಬೇಕು. ಹಾಕಿದಳು. ನೀರು ತುಂಬಿದಳು, ಎರಡು ಚಮಚ ಸಕ್ಕರೆ ಸುರಿದಳು, ಮುಚ್ಚಳ ತಿರುಗಿಸಿ ಚೆನ್ನಾಗಿ ಕುಲುಕಿದಳು. ಕೆಟ್ಟ ತಾಯಿ ಅಂತ ಯಾರೂ ಅನ್ನಬೇಡಿ. ಮಗುವಿಗೆ ವಾಸಿಯಾಗಲಿ ಅಂತಲೇ ಮಾಡಿದ್ದು.

ಗೇಟಿನಲ್ಲಿ ಗುಬ್ಬಿ ಎರಡು ಸಲ ಕೆಮ್ಮಿದ.

“ಏನಿದು, ಕೆಮ್ಮು ಇದ್ಯಾ?” ಅಂತ ನಾನು ಕೇಳಿದೆ.

“ಧೂಳು ಮಿಸ್, ಬರೀ ಧೂಳು,” ಅನ್ನುತ್ತಾ ಅವಳು ಆಗಲೇ ರಸ್ತೆ ದಾಟಿದ್ದಳು.

ಹಣೆ ಮುಟ್ಟಿ ನೋಡಬೇಕಿತ್ತು. ಹಿಂದೆ ಇನ್ನೊಂದು ಮಗು ಚಪ್ಪಲಿ ಬಿಚ್ಚುವುದಿಲ್ಲ ಅಂತ ರಂಪ ಮಾಡುತ್ತಿತ್ತು. ನಾನು ಬಿಟ್ಟುಬಿಟ್ಟೆ.

ಹತ್ತೂವರೆಗೆ ಎಲ್ಲರೂ ಅಂಗಳದಲ್ಲಿ ಆಡಿ ಬೆವರು ಸುರಿಸಿಕೊಂಡು ಒಳಗೆ ಬಂದರು. ಎಲ್ಲರಿಗೂ ನೀರು, ಈಗಲೇ ನೀರು. ಕಟ್ಟೆಯ ಮೇಲೆ ಎರಡು ಹಸಿರು ಬಾಟಲಿ. ಎರಡಕ್ಕೂ ಚೀಟಿ ಇಲ್ಲ. ನಾನು ಒಂದನ್ನು ಎತ್ತಿ ಒಂಟೆಮರಿಯ ಮುಂದೆ ಹಿಡಿದೆ.

“ಇದು ನಿಂದಾ?”

“ಹೂಂ,” ಅಂದಳು. ಮೂರು ವರ್ಷದ ಮಗು ಬಾಯಾರಿದಾಗ ಆನೆ ತೋರಿಸಿ ನಿಂದಾ ಅಂದರೂ ಹೂಂ ಅನ್ನುತ್ತದೆ. ಹದಿನೆಂಟು ವರ್ಷದಲ್ಲಿ ನನಗೆ ಅಷ್ಟು ಗೊತ್ತಿರಬೇಕಿತ್ತು.

ಅವಳು ಒಂದು ಗುಟುಕು ಕುಡಿದು ಬಾಟಲಿ ಇಳಿಸಿದಳು. ಯಾವತ್ತೂ ಇಳಿಸದವಳು.

“ಮಿಸ್, ಸಿಹಿ.”

“ಹೌದಾ? ಜಾಣೆ, ಪೂರ್ತಿ ಕುಡಿ,” ಅಂದೆ ನಾನು.

ಪೂರ್ತಿ ಕುಡಿದಳು. ಖಾಲಿ ಬಾಟಲಿ ನನ್ನ ಕೈಗೇ ಕೊಟ್ಟಳು. ಇನ್ನೊಂದು ಹಸಿರು ಬಾಟಲಿಯ ನೀರನ್ನು ಗುಬ್ಬಿ ತುಟಿಗೆ ತಾಗಿಸಿ ಇಟ್ಟ.

ಹನ್ನೊಂದು ದಾಟುವ ಹೊತ್ತಿಗೆ ಒಂಟೆಮರಿ ಚಾಪೆಯ ಮೇಲೆ ಮಲಗಿದ್ದಳು. ಆಡಿ ದಣಿದಿದ್ದಾಳೆ ಅಂದುಕೊಂಡು ಹೊದಿಕೆ ಹೊದೆಸಿದೆ. ಊಟದ ಹೊತ್ತಿಗೆ ಎಬ್ಬಿಸಲು ಹೋದ ಆಯಾ ಒಮ್ಮೆ ಕರೆದಳು, ಎರಡನೇ ಸಲ ಕೆನ್ನೆ ತಟ್ಟಿದಳು, ಮೂರನೇ ಸಲ ಎತ್ತಿ ಕೂರಿಸಿದಳು. ತಲೆ ಹಿಂದಕ್ಕೆ ವಾಲಿತು.

“ಮಿಸ್, ಬನ್ನಿ ಇಲ್ಲಿ. ಈ ಮಗು ನಿದ್ದೆ ಮಾಡ್ತಿಲ್ಲ. ಇದು ಬೇರೆ ಏನೋ.”

ನಾನು ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ಬಂತು. ಆಮೇಲೆ ಬರಲಿಲ್ಲ. ಕಾದೆ. ಬಂತು. ತುಟಿಯ ಬಣ್ಣ ಇಳಿದಿತ್ತು. ಉಳಿದ ಮಕ್ಕಳನ್ನು ಆಯಾ ಮತ್ತು ಚಿಕ್ಕ ಮಿಸ್ ಕೈಗೆ ಬಿಟ್ಟು, ಮಗುವನ್ನು ಎದೆಗೆ ಒತ್ತಿಕೊಂಡು ಓಡಿ, ಗೇಟಿನ ಮುಂದೆ ಬಂದ ಮೊದಲ ಗಾಡಿಗೆ ಅಡ್ಡ ನಿಂತೆ. ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಲಾಂಡ್ರಿ ಆಫೀಸಿಗೆ ಫೋನ್ ಮಾಡಿದೆ.

ಲಾಂಡ್ರಿಯಲ್ಲಿ ಕೆಲಸದ ಹೊತ್ತು ಎಲ್ಲರ ಫೋನೂ ಸೂಪರ್‌ವೈಸರ್ ಡ್ರಾಯರಿನಲ್ಲಿ. ಅವರು ಬಾಗಿಲಿನಿಂದ ಕೂಗಿದರು: “ನರ್ಸರಿಯಿಂದ ಫೋನ್!”

ಇಬ್ಬರೂ ತಾಯಂದಿರು ಓಡಿದರು. ಇಸ್ತ್ರಿ ಅಕ್ಕ ನನ್ನ ಮಾತು ಕೇಳಿದಳು, ರಿಸೀವರ್ ಗೆಳತಿಯ ಕೈಗೆ ಕೊಟ್ಟಳು, ಏಪ್ರನ್ ಸಮೇತ ಬೀದಿಗೆ ಇಳಿದಳು.

“ಮಿಸ್, ನನ್ನ ಗುಬ್ಬಿ?”

“ಗುಬ್ಬಿ ಚೆನ್ನಾಗಿದ್ದಾನೆ, ಹೆದರ್ಬೇಡಿ. ಕುಣೀತಾ ಇದ್ದಾನೆ, ಒಂದು ನಿಮಿಷ ಕೂತಿಲ್ಲ ಅವನು.”

“ಉಸ್ಸಪ್ಪಾ,” ಅಂದಳು ಮಾರ್ಕಿಂಗ್ ಅಕ್ಕ. ಜೀವ ಬಂದ ಹಾಗಾಯಿತು. ಗೆಳತಿಯ ಮಗುವಿಗೆ ಏನೂ ಆಗದಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡು ತನ್ನ ಮೇಜಿಗೆ ಹೋಗಿ ಪೆನ್ನು ಹಿಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಮುಖಕ್ಕೆ ಆಕ್ಸಿಜನ್ ಹಾಕಿ, ರೆಪ್ಪೆ ಎತ್ತಿ ಟಾರ್ಚು ಬಿಟ್ಟರು.

“ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದೆ. ಔಷಧಿ ಏನಾದ್ರೂ ಕುಡಿಸಿದ್ರಾ?”

ಆಗ ತಾನೇ ಏದುಸಿರು ಬಿಡುತ್ತಾ ಬಂದಿದ್ದ ಇಸ್ತ್ರಿ ಅಕ್ಕ ಹೇಳಿದಳು: “ಇಲ್ಲ ಡಾಕ್ಟ್ರೇ. ಒಂದು ಹನಿಯೂ ಇಲ್ಲ.”

“ನರ್ಸರಿಯಲ್ಲಿ?”

“ನಾವು ಯಾವ ಔಷಧಿನೂ ಕೊಡಲ್ಲ,” ಅಂದೆ.

“ಸರಿಯಾಗಿ ನೆನಪು ಮಾಡ್ಕೊಳ್ಳಿ. ಮಾತ್ರೆ? ಸಿರಪ್? ನಿದ್ದೆ ಔಷಧಿ?”

“ಇಲ್ಲ.”

“ಹಾಗಾದ್ರೆ ಬಿದ್ದಿದ್ದಾಳಾ? ತಲೆಗೆ ಪೆಟ್ಟು?”

ಇಸ್ತ್ರಿ ಅಕ್ಕ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನನ್ನ ಮಗುವನ್ನು ಏನು ಮಾಡಿದಿರಿ ಅಂತ ಆ ಕಣ್ಣು ಕೇಳುತ್ತಿತ್ತು. ಜಾರುಬಂಡಿಯಿಂದ ಬಿದ್ದಳಾ? ನಾನು ನೋಡದೆ ಇದ್ದಾಗ? ನನಗೇ ನನ್ನ ಮೇಲೆ ಅನುಮಾನ ಬಂತು.

“ದೊಡ್ಡ ಆಸ್ಪತ್ರೆಗೆ ಕಳಿಸಿ ತಲೆ ಸ್ಕ್ಯಾನ್ ಮಾಡಿಸ್ಬೇಕು,” ಅಂದರು ಡಾಕ್ಟರು. “ಮುಕ್ಕಾಲು ಗಂಟೆ ದಾರಿ. ಉಸಿರು ನಿಧಾನ ಆಗ್ತಾ ಇದೆ. ದಾರಿಯಲ್ಲಿ ನಿಂತ್ರೆ ಅನ್ನೋದೇ ನನ್ನ ಭಯ.”

ನರ್ಸು ಆಂಬುಲೆನ್ಸಿಗೆ ಫೋನ್ ಮಾಡಲು ಹೊರಗೆ ಓಡಿದಳು.

ಲಾಂಡ್ರಿಯಲ್ಲಿ ಮಾರ್ಕಿಂಗ್ ಅಕ್ಕ ಹತ್ತು ಟವೆಲ್ಲಿಗೆ ನಂಬರ್ ಹಾಕಿದ್ದಳು. ಹನ್ನೊಂದನೆಯದನ್ನು ಎತ್ತಿಕೊಳ್ಳುವಾಗ ಎದುರಿನ ಇಸ್ತ್ರಿ ಮೇಜಿನ ಮೇಲೆ ಕಣ್ಣು ಬಿತ್ತು. ಇಸ್ತ್ರಿ ಅಕ್ಕ ಬಿಟ್ಟು ಹೋದ ನೀರಿನ ಬಾಟಲಿ ಅಲ್ಲಿತ್ತು. ಹಸಿರು. ತನ್ನ ಮೇಜಿನ ಮೇಲೂ ಒಂದು ಇತ್ತು. ಹಸಿರು. ಅವಳು ಅದನ್ನು ನೋಡಿದಳು, ಇದನ್ನು ನೋಡಿದಳು.

ಕುಣೀತಾ ಇದ್ದಾನೆ ಅಂದರಲ್ಲ ಮಿಸ್. ಒಂದು ನಿಮಿಷ ಕೂತಿಲ್ಲ ಅಂದರಲ್ಲ. ಆ ಔಷಧಿ ಕುಡಿದ ದಿನ ಅತ್ತೆ ಮಧ್ಯಾಹ್ನವಿಡೀ ತೂಕಡಿಸುತ್ತಾರೆ. ಗುಬ್ಬಿ ಯಾಕೆ ತೂಕಡಿಸುತ್ತಿಲ್ಲ?

ಅವಳು ಸೂಪರ್‌ವೈಸರನ್ನು ಕೇಳದೆ ಡ್ರಾಯರ್ ಎಳೆದು ತನ್ನ ಫೋನ್ ತೆಗೆದು ಮನೆಗೆ ಹಚ್ಚಿದಳು.

“ಅತ್ತೆ, ನಿಮ್ಮ ಕೆಮ್ಮಿನ ಔಷಧಿ ಮೇಲೆ ಏನು ಬರ್ದಿದೆ? ಬೇಗ ಓದಿ.”

ಅತ್ತೆ ಕನ್ನಡಕ ಹುಡುಕಿ ಹೆಸರು ಓದಿದರು. “ಮಕ್ಕಳಿಗೆ ಕೊಡಬಾರದು ಅಂತಾನೂ ಸಣ್ಣ ಅಕ್ಷರದಲ್ಲಿ ಬರ್ದಿದ್ದಾರೆ ಕಣೆ. ನಂಗೇ ಅರ್ಧ ಮುಚ್ಚಳ ಅಂದಿದ್ರು. ಯಾಕೆ, ನೀನೆಷ್ಟು ಹಾಕ್ದೆ?”

“ನಾಲ್ಕು.”

“ಅಯ್ಯೋ, ಗುಬ್ಬಿ?” ಅಂತ ಅತ್ತೆ ಕೂಗಿದರು.

“ಅತ್ತೆ, ಅದನ್ನ ಗುಬ್ಬಿ ಕುಡಿದಿಲ್ಲ. ಇಸ್ತ್ರಿ ಅಕ್ಕನ ಮಗಳು ಕುಡಿದಿದ್ದಾಳೆ ಅನ್ಸುತ್ತೆ. ಆಸ್ಪತ್ರೆಗೆ ತಗೊಂಡು ಹೋಗಿದ್ದಾರೆ.”

“ಅನ್ಸುತ್ತೆ ತಾನೇ? ನೋಡಿದ್ಯಾ ನೀನು?” ಅತ್ತೆಯ ದನಿ ಇಳಿಯಿತು. “ಬಾಯಿ ಮುಚ್ಕೊಂಡಿರು. ಡಾಕ್ಟ್ರಿದ್ದಾರೆ, ನೋಡ್ಕೊಳ್ತಾರೆ. ನೀನಾಗಿ ಹೋಗಿ ಹೇಳಿದ್ರೆ ನಿನ್ನನ್ನ ಜೈಲಿಗೆ ಹಾಕ್ತಾರೆ. ಗುಬ್ಬಿ ಗತಿ ಏನು?”

ಆಮೇಲೆ ಅವಳು ನನಗೆ ಹೇಳಿದ್ದು ಇದು: “ಮಿಸ್, ಸುಳ್ಳು ಹೇಳಲ್ಲ. ಒಂದು ಗಳಿಗೆ ಅತ್ತೆ ಮಾತೇ ಸರಿ ಅನ್ನಿಸ್ತು. ಫೋನ್ ಕಿಸೆಗೆ ಹಾಕ್ಕೊಂಡೆ. ಕೆಲಸ ಮಾಡೋಣ ಅಂತ ಟವೆಲ್ ಎತ್ಕೊಂಡೆ. ಟವೆಲ್ ಮೂಲೇಲಿ ನಂಬರ್ ಬರೆಯೋಕೆ ಹೋದ್ರೆ ಕೈ ಬರ್ಲಿಲ್ಲ. ಅವಳು ಶನಿವಾರ ಬಾಟಲಿ ತಂದಿದ್ಲು ಮಿಸ್. ನನ್ನ ಮುಂದೆ ಹಿಡ್ಕೊಂಡು ನಿಂತಿದ್ಲು.”

ನನ್ನ ನಂಬರ್ ಅವಳ ಹತ್ತಿರ ಇರಲಿಲ್ಲ. ನರ್ಸರಿಯ ಫೋನಿಗೆ ಮಾಡಿದಳು, ಊಟದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ನನ್ನ ನಂಬರ್ ಇದ್ದದ್ದು ಒಂದೇ ಕಡೆ. ಅವಳು ನೆಲಕ್ಕೆ ಕೂತು ಮೇಜಿನ ಕಾಲು ಎತ್ತಿ ಕಾಗದ ಎಳೆದಳು. ಮೇಜು ವಾಲಿ ಶಾಯಿ ಬಾಟಲಿ ಉರುಳಿ ಬಿಳಿ ಹೊದಿಕೆಗಳ ಮೇಲೆ ಹರಿಯಿತು. ಸೂಪರ್‌ವೈಸರ್ ಕಿರುಚಿದರು. ಅವಳು ಎಂಟು ಮಡಿಕೆ ಬಿಚ್ಚಿದಳು. ಮೂರನೇ ಸಾಲು ಕಣ್ಣಿಗೆ ಬಿತ್ತು: ‘ಯಾವುದೇ ಔಷಧಿಯನ್ನು ನೀರಿನ ಬಾಟಲಿಗೆ ಬೆರೆಸಿ ಕಳಿಸಬೇಡಿ.’ ಕೊನೆಯ ಸಾಲಿನಲ್ಲಿ ನನ್ನ ನಂಬರ್.

ನನ್ನ ಫೋನ್ ರಿಂಗಾಯಿತು. ಗುರುತಿಲ್ಲದ ನಂಬರ್. ಡಾಕ್ಟರು ಏನೋ ಕೇಳುತ್ತಿದ್ದರು, ನಾನು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಅವಳು ಹೊಸ ನಂಬರ್ ತಿಳಿಸಿದ್ದರೆ ಹೆಸರು ಕಾಣುತ್ತಿತ್ತು, ಮೊದಲ ಸಲವೇ ಎತ್ತುತ್ತಿದ್ದೆ. ಹೊರಗೆ ಆಂಬುಲೆನ್ಸ್ ಬಂದು ನಿಂತ ಸದ್ದು ಕೇಳಿಸಿತು. ಮೂರನೇ ಸಲ ರಿಂಗಾದಾಗ ಬೈಯಲೆಂದೇ ಎತ್ತಿದೆ.

“ಮಿಸ್, ಡಾಕ್ಟ್ರ ಕೈಗೆ ಫೋನ್ ಕೊಡಿ. ಅವಳು ಕುಡಿದಿದ್ದು ನನ್ನ ಗುಬ್ಬಿ ಬಾಟಲಿ. ಅದರಲ್ಲಿ ಔಷಧಿ ಹಾಕಿದ್ದೆ.”

ಆಗ ನನಗೆ ಕೇಳಿಸಿತು, ಫೋನಿನಲ್ಲಲ್ಲ, ತಲೆಯೊಳಗೆ. ಮಿಸ್, ಸಿಹಿ.

ಡಾಕ್ಟರು ಔಷಧಿಯ ಹೆಸರು ಕೇಳಿದರು, ಎಷ್ಟು ಮುಚ್ಚಳ ಕೇಳಿದರು, ಎಷ್ಟು ಹೊತ್ತಿಗೆ ಕುಡಿದಳು ಅಂತ ನನ್ನನ್ನು ಕೇಳಿದರು. ಮೂರಕ್ಕೂ ಉತ್ತರ ಸಿಕ್ಕಿದ ಕೂಡಲೇ ಫೋನ್ ನನ್ನ ಕೈಗೆ ತುರುಕಿ ನರ್ಸಿಗೆ ಕೂಗಿದರು. ಅಂಥ ಔಷಧಿ ದೇಹದಲ್ಲಿ ಮಾಡುವ ಕೆಲಸವನ್ನು ತಡೆಯುವ ಇಂಜೆಕ್ಷನ್ ಇದೆಯಂತೆ. ಅದು ಅದೇ ಕೋಣೆಯ ಬೀರುವಿನಲ್ಲಿತ್ತು. ಮಗುವಿನಿಂದ ನಾಲ್ಕು ಹೆಜ್ಜೆ ದೂರ.

ಸೂಜಿ ಚುಚ್ಚಿದರು. ನಾವೆಲ್ಲ ಆ ಪುಟ್ಟ ಎದೆಯನ್ನೇ ನೋಡುತ್ತಾ ನಿಂತೆವು. ಎಷ್ಟು ಹೊತ್ತು ಅಂತ ನನಗೆ ತಿಳಿಯಲಿಲ್ಲ. ಎದೆ ಏರಿತು, ಇಳಿಯಿತು, ತಡವಿಲ್ಲದೆ ಮತ್ತೆ ಏರಿತು. ತುಟಿಗೆ ಬಣ್ಣ ಬಂತು. ಒಂಟೆಮರಿ ಕಣ್ಣು ಬಿಟ್ಟು, ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಕಂಡು ಆಸ್ಪತ್ರೆ ಕಿತ್ತುಹೋಗುವ ಹಾಗೆ ಅತ್ತಳು. ನಾನೂ ಅತ್ತೆ. ನಾಚಿಕೆ ಏನೂ ಇಲ್ಲ.

“ಇನ್ನೊಂದಿಷ್ಟು ಹೊತ್ತು ಸ್ಕ್ಯಾನು ಗೀನು ಅಂತ ಹುಡುಕ್ತಾ ಇದ್ದಿದ್ರೆ ನನ್ನ ಕೈ ಮೀರಿ ಹೋಗ್ತಿತ್ತು,” ಅಂದರು ಡಾಕ್ಟರು. “ಅವರು ಹೇಳಿದ್ದಕ್ಕೆ ಉಳೀತು.”

ಔಷಧಿ ಮತ್ತೆ ಹಿಡಿಯಬಹುದು ಅಂತ ಒಂದು ದಿನ ಅಲ್ಲೇ ಇಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಮಾರ್ಕಿಂಗ್ ಅಕ್ಕ ಬಂದಳು, ಮೊಣಕೈವರೆಗೂ ಕಪ್ಪು ಶಾಯಿ. ಅವಳ ಹಿಂದೆ ಗೋಡೆ ಹಿಡಿದುಕೊಂಡು, ಓಡಲಾರದ ಮೊಣಕಾಲಿನ ಅತ್ತೆ. ಕೈಚೀಲದಿಂದ ಔಷಧಿ ಬಾಟಲಿ ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟರು.

“ಇದೇ ಅದು. ನನ್ನದು. ಇದರ ಸುದ್ದಿ ಎತ್ತಿದ್ದೂ ನಾನೇ, ಹೇಳ್ಬೇಡ ಅಂದಿದ್ದೂ ನಾನೇ. ಬೈಯೋದಿದ್ರೆ ನಂಗೆ ಬೈರಿ.”

ಯಾರೂ ಬೈಯಲಿಲ್ಲ. ಇಸ್ತ್ರಿ ಅಕ್ಕ ಮಗಳ ಕೈ ಹಿಡಿದುಕೊಂಡು ಕೂತಿದ್ದಳು. ಗೆಳತಿ ಹತ್ತಿರ ಬಂದಾಗ ತಲೆ ಎತ್ತದೆ ಹೇಳಿದಳು: “ಹೇಳಿದ್ಯಲ್ಲ, ಅಷ್ಟು ಸಾಕು. ಈಗ ನನ್ನ ಹತ್ರ ಮಾತಾಡ್ಬೇಡ.”

ಮೂರು ವಾರ ಅವರಿಬ್ಬರೂ ಮಾತಾಡಲಿಲ್ಲ. ಎದುರುಬದುರು ಮೇಜು, ನಡುವೆ ಬರೀ ಹಬೆ. ಹೊದಿಕೆ ಹಾಳು ಮಾಡಿದ್ದಕ್ಕೆ ಸೂಪರ್‌ವೈಸರ್ ಮೊದಲ ದಿನ ಕೂಗಾಡಿದರು, ವಿಷಯ ತಿಳಿದ ಮೇಲೆ ಫೋನುಗಳನ್ನು ಡ್ರಾಯರಿಗೆ ಹಾಕಿಸುವುದನ್ನೇ ಬಿಟ್ಟರು. ನಾಲ್ಕನೇ ಶನಿವಾರ ಸಂಜೆ ಮಾರ್ಕಿಂಗ್ ಅಕ್ಕ ಕೈ ತೊಳೆದು ಒರೆಸಿಕೊಳ್ಳುತ್ತಿದ್ದಳು. ಯಾರೋ ಮೇಜಿನ ಮೇಲೆ ಏನನ್ನೋ ಇಟ್ಟ ಸದ್ದು. ತಿರುಗಿದರೆ ಅದೇ ಹಸಿರು ಬಾಟಲಿ, ಹಿಂದೆ ಇಸ್ತ್ರಿ ಅಕ್ಕ.

“ಬರಿ,” ಅಂದಳು.

ಅವಳು ತೊಳೆದ ಕೈಯಲ್ಲೇ ಪೆನ್ನು ಎತ್ತಿದಳು.

ಮುಂದಿನ ಸೋಮವಾರದಿಂದ ಇಬ್ಬರೂ ಬೆಳಿಗ್ಗೆ ಕಾಲು ಗಂಟೆ ಮುಂಚೆ ನಮ್ಮ ಗೇಟಿಗೆ ಬರುತ್ತಿದ್ದಾರೆ. ಒಬ್ಬಳು ಎಲ್ಲ ಮಕ್ಕಳ ಬಾಟಲಿ ಒರೆಸುತ್ತಾಳೆ, ಇನ್ನೊಬ್ಬಳು ಹೆಸರು ಬರೆಯುತ್ತಾಳೆ. ಅತ್ತೆಯ ಕಥೆ ಬೇರೆ. ನನ್ನ ಕಾಗದ ಬಂದ ದಿನ ಕನ್ನಡಕ ಹಾಕಿಕೊಂಡು ಇಡೀ ಓಣಿಗೆ ಕೇಳುವ ಹಾಗೆ ಓದುತ್ತಾರಂತೆ, ಮಕ್ಕಳಿಲ್ಲದ ಮನೆಗೂ ಬಿಡುವುದಿಲ್ಲವಂತೆ. ಅವರ ಔಷಧಿ ಈಗ ಬೀಗ ಹಾಕಿದ ಮೇಲಿನ ಅಲಮಾರಿಯಲ್ಲಿ. ಗುಬ್ಬಿಗೆ ಕೆಮ್ಮು ಬಂದರೆ ಮನೆಯಲ್ಲೇ ಇರುತ್ತಾನೆ, ಅತ್ತೆಯ ಮೊಣಕಾಲು ಹೇಗೋ ಸುಧಾರಿಸುತ್ತದೆ.

ನನ್ನ ಕೆಲಸವೂ ಬದಲಾಗಿದೆ. ಹೆಸರಿಲ್ಲದ ಬಾಟಲಿ ಈಗ ಕಟ್ಟೆ ಏರುವುದಿಲ್ಲ. ಬೆಳಿಗ್ಗೆ ಪ್ರತಿ ಮಗುವಿನ ಹಣೆ ಮುಟ್ಟದೆ ಒಳಗೆ ಬಿಡುವುದಿಲ್ಲ, ಹಿಂದೆ ಯಾರು ರಂಪ ಮಾಡಿದರೂ ಸರಿ. ಮಗು ಸಿಹಿ ಅಂದರೆ, ಕಹಿ ಅಂದರೆ, ವಾಸನೆ ಅಂದರೆ, ನಾನು ಮೊದಲು ಬಾಟಲಿ ಕೈಗೆ ತೆಗೆದುಕೊಳ್ಳುತ್ತೇನೆ, ಆಮೇಲೆ ಮಾತು.

ತಾಯಂದಿರೇ, ತಂದೆಯರೇ, ಅಜ್ಜ ಅಜ್ಜಿಯರೇ, ಈಗ ನಿಮ್ಮ ಸರದಿ. ಇವತ್ತು ಮನೆಗೆ ಹೋದ ಕೂಡಲೇ ಮಗುವಿನ ಬ್ಯಾಗಿನ ತಳಕ್ಕೆ ಕೈ ಹಾಕಿ. ಬಾಟಲಿ, ಡಬ್ಬಿ, ಸ್ವೆಟರಿನ ಮೇಲೆ ಅಳಿಸದ ಹಾಗೆ ಹೆಸರು ಬರೆಯಿರಿ, ಬರೆಯಲು ಆಗದಿದ್ದರೆ ಗೇಟಿಗೆ ಬನ್ನಿ, ಪೆನ್ನು ಕಾದಿರುತ್ತದೆ. ದೊಡ್ಡವರ ಔಷಧಿಯನ್ನು ಮಕ್ಕಳಿಗೆ ಒಂದು ಹನಿಯೂ ಕೊಡಬೇಡಿ, ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ. ಡಾಕ್ಟರು ಬರೆದುಕೊಟ್ಟ ಔಷಧಿ ಇದ್ದರೆ ಅವರ ಚೀಟಿಯ ಜೊತೆ ನನ್ನ ಕೈಗೆ ಕೊಡಿ, ಬ್ಯಾಗಿಗೂ ಬೇಡ, ನೀರಿಗಂತೂ ಬೇಡವೇ ಬೇಡ. ಮೈ ಬಿಸಿ ಇರುವ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಹೊಸ ನಂಬರ್ ನನಗೆ ಕೊಡಿ, ನನ್ನದನ್ನು ಫೋನಿನಲ್ಲಿ ಬರೆದುಕೊಳ್ಳಿ. ಇಷ್ಟೆಲ್ಲ ಆದ ಮೇಲೂ ತಪ್ಪು ಆಗಬಹುದು. ಆದರೆ ಆ ನಿಮಿಷವೇ ಹೇಳಿ. ಬೈಗುಳ ಇದ್ದರೆ ಆಮೇಲೆ ಹಂಚಿಕೊಳ್ಳೋಣ.

ಒಂಟೆಮರಿಗೆ ಈಗ ಒಂದು ಹೊಸ ಅಭ್ಯಾಸ ಆಗಿದೆ. ಎಷ್ಟೇ ಬಾಯಾರಿದ್ದರೂ ಬಾಟಲಿ ಎತ್ತಿದವಳೇ ಕುಡಿಯುವುದಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾಳೆ.

“ಮಿಸ್, ಏನು ಬರ್ದಿದೆ? ಓದಿ ಹೇಳಿ.”

ನಾನು ಓದುತ್ತೇನೆ. ಅವಳು ಕಿವಿಗೊಟ್ಟು ತನ್ನ ಹೆಸರು ಕೇಳಿಸಿಕೊಂಡ ಮೇಲೇ ಕುಡಿಯುತ್ತಾಳೆ. ಮೂರು ವರ್ಷದ ಅವಳಿಗೆ ಓದಲು ಬರುವುದಿ‌ಲ್ಲ, ಆದ್ದರಿಂದ ಕೇಳುತ್ತಾಳೆ. ನಿಮಗೆ ಬಂದರೆ ದಯವಿಟ್ಟು ನನ್ನ ಕಾಗದ ಓದಿ. ಬಾರದಿದ್ದರೆ ಅವಳ ಹಾಗೆ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿ. ಎಷ್ಟು ಸಲ ಕೇಳಿದರೂ ಓದಿ ಹೇಳುತ್ತೇನೆ.